ಎರೆ ಸೀಮೆಯ ನೀರಿನಲ್ಲಿ ಮೆಲನ್ ಬಾರ್ಬ್ ಸಾಕುವ ಬಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ, ಜಮಖಂಡಿ, ಮುದ್ದೇಬಿಹಾಳ, ವಿಜಯಪುರದ ಕಡೆಯ ಗೆಳೆಯರು ನನ್ನ ಬಳಿ ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಮೆಲನ್ ಬಾರ್ಬ್ ಮೀನುಗಳು ತಂದ ದಿನ ಚೆನ್ನಾಗಿಯೇ ಇದ್ದವು, ಎರಡನೆಯ ವಾರ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗಿದವು, ತಿಂಗಳು ತುಂಬುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ನಾನು ವಿಚಾರಿಸಿ ನೋಡಿದ ಬಹುಪಾಲು ಸಂದರ್ಭಗಳಲ್ಲಿ ಸಾವಿಗೆ ಕಾರಣ ರೋಗವಾಗಿರಲಿಲ್ಲ, ಕೆಲಸದ ಅನುಕ್ರಮ ತಲೆಕೆಳಗಾಗಿತ್ತು. ಮೊದಲು ಮೀನು, ಆಮೇಲೆ ತೊಟ್ಟಿ, ಕೊನೆಗೆ ನೀರಿನ ಯೋಚನೆ ಎಂಬ ಕ್ರಮದಲ್ಲಿ ಅವರು ನಡೆದಿದ್ದರು. ಈ ಬರಹದಲ್ಲಿ ಕ್ರಮ ಅದಕ್ಕೆ ವಿರುದ್ಧವಾಗಿದೆ: ನೀರು ಮೊದಲು, ಮೀನು ಕೊನೆಗೆ.

ಅಂಗಡಿಗಳಲ್ಲಿ ಮೆಲನ್ ಬಾರ್ಬ್ ಎಂದು ಮಾರುವ ಈ ಮೀನಿನ ಶಾಸ್ತ್ರೀಯ ಹೆಸರು ಹಲುದಾರಿಯಾ ಫ್ಯಾಸಿಯಾಟಾ. ಹಳೆಯ ಚೀಟಿಗಳಲ್ಲಿ ಇದನ್ನೇ ಪುಂಟಿಯಸ್ ಫ್ಯಾಸಿಯಾಟಸ್ ಎಂದು ಬರೆದಿರುತ್ತಾರೆ. ಹೊಂಬಣ್ಣದಿಂದ ಕಡುಗೆಂಪಿನವರೆಗಿನ ಮೈಮೇಲೆ ಅಡ್ಡಲಾಗಿ ಕಪ್ಪು ಪಟ್ಟೆಗಳಿರುತ್ತವೆ, ತೊಟ್ಟಿಯಲ್ಲಿ ಸುಮಾರು 6 ಸೆಂಟಿಮೀಟರ್ ಬೆಳೆಯುತ್ತದೆ. ಇದು ಪಶ್ಚಿಮ ಘಟ್ಟದ ತೊರೆಗಳ ಮೀನು. ಅಲ್ಲಿಯ ನೀರು ತಂಪಾಗಿದ್ದು, ಅದರಲ್ಲಿ ಸುಣ್ಣದಂಶ ಕಡಿಮೆ, ಆಮ್ಲಜನಕ ಹೆಚ್ಚು. ನಮ್ಮ ಬೋರ್‌ವೆಲ್ ನೀರು ಈ ಮೂರರಲ್ಲೂ ಅದಕ್ಕೆ ಎದುರು. ಮುಂದಿನ ಹಂತಗಳೆಲ್ಲವೂ ಈ ಅಂತರವನ್ನು ಕಡಿಮೆ ಮಾಡುವುದಕ್ಕಾಗಿ ಇವೆ.

ಮೊದಲೇ ತಂದಿಟ್ಟುಕೊಳ್ಳಬೇಕಾದ ಸಾಮಾನು

ಮೂರು ಅಡಿ ಉದ್ದದ ಗಾಜಿನ ತೊಟ್ಟಿ ಮತ್ತು ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ, ಗಟ್ಟಿ ಸ್ಟ್ಯಾಂಡ್, ಗಂಟೆಗೆ 400 ಲೀಟರಿಗಿಂತ ಹೆಚ್ಚು ನೀರು ತಿರುಗಿಸುವ ಫಿಲ್ಟರ್, ಅದರ ಜೊತೆಗೊಂದು ಸ್ಪಂಜ್ ಫಿಲ್ಟರ್ ಮತ್ತು ಏರ್ ಪಂಪ್, ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್, ಥರ್ಮಾಮೀಟರ್, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್, ಅಮೋನಿಯಾ, ನೈಟ್ರೈಟ್, ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) ಮತ್ತು ಗಡಸುತನ ಅಳೆಯುವ ಕಿಟ್, ಕ್ಲೋರಿನ್ ತೆಗೆಯುವ ಹನಿ, ಸೋಪು ತಾಗದ ಎರಡು ಬಕೆಟ್ ಬೇಕು. ಹಣ ಸಾಲದಿದ್ದರೆ ಬೆಲೆಬಾಳುವ ದೀಪವನ್ನು ಬಿಡಿ, ಅಲಂಕಾರದ ಬೊಂಬೆಗಳನ್ನೂ ಬಿಡಿ, ಆದರೆ ಅಮೋನಿಯಾ ಕಿಟ್ ಮತ್ತು ಬ್ಯಾಟರಿ ಪಂಪನ್ನು ಮಾತ್ರ ಬಿಡಬೇಡಿ. ಮೀನು ಕಳೆದುಕೊಂಡವರ ಮನೆಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಇವೆರಡೇ.

ಹಂತ 1: ನೀರನ್ನು ಅಳೆದು ಹದ ಮಾಡುವುದು

ತೊಟ್ಟಿ ಕೊಳ್ಳುವ ಮೊದಲು ನಿಮ್ಮ ಮನೆಯ ನೀರನ್ನು ಅಳೆಯಿರಿ. ಮೀಟರ್ ಕೈಗೆ ಬರುವ ಮುನ್ನವೇ ಒಂದು ಅಂದಾಜು ಅಡುಗೆಮನೆಯಲ್ಲಿ ಸಿಗುತ್ತದೆ. ಯಾವ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲವೋ, ಯಾವ ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಹೊಪ್ಪಳೆ ಕಟ್ಟಿಸುತ್ತದೆಯೋ, ಆ ನೀರು ಈ ಮೀನಿಗೆ ನೇರವಾಗಿ ಒಗ್ಗುವುದಿಲ್ಲ. ಗಡಸುತನ 50ರಿಂದ 200 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ 6.5ರಿಂದ 7.5 ಇದ್ದರೆ ಮೆಲನ್ ಬಾರ್ಬ್ ನೆಮ್ಮದಿಯಿಂದ ಬದುಕುತ್ತದೆ. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಎಣಿಸುವುದರಿಂದ ಅದು ಗಡಸುತನದ ನೇರ ಅಳತೆಯಲ್ಲ, ಆದರೂ ಪ್ರತಿವಾರ ಒಂದೇ ಹದದ ನೀರು ಬೆರೆಸಲು ಅದಕ್ಕಿಂತ ಸುಲಭದ ಸಾಧನ ಬೇರೆ ಇಲ್ಲ.

ಬೆಳಗಾವಿ ನಗರಕ್ಕೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪದಿಂದಲೂ ಘಟಪ್ರಭೆಯ ಹಿಡಕಲ್ ಜಲಾಶಯದಿಂದಲೂ ನೀರು ಬರುತ್ತದೆ. ಘಟ್ಟದ ಅಂಚಿನ ಮಳೆಯ ಈ ನೀರು ದೊರೆಯುವವರ ಕೆಲಸ ಹಗುರ, ಕ್ಲೋರಿನ್ ತೆಗೆದು ಒಮ್ಮೆ ಅಳೆದುಕೊಂಡರೆ ಸಾಕಾಗಬಹುದು. ಬಾಗಲಕೋಟೆ ಮತ್ತು ವಿಜಯಪುರದಲ್ಲಿ ನದಿಯ ನಳದ ನೀರು ಸಿಗುವವರು ಅದನ್ನೇ ಬಳಸಲಿ. ಬೋರ್‌ವೆಲ್ಲನ್ನೇ ನಂಬಿದವರು, ವಿಶೇಷವಾಗಿ ಡೋಣಿ ನದಿಯ ದಂಡೆಯ ಸವಳು ನೀರಿನ ಊರಿನವರು, ನೀರು ಬೆರೆಸುವುದನ್ನು ಕಲಿಯಲೇಬೇಕು.

ಬೆರೆಸುವ ಲೆಕ್ಕ ಸರಳವಾಗಿದೆ. ಬೋರ್ ನೀರಿನ ಟಿಡಿಎಸ್ 900 ಇದೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಆರ್‌ಓ ನೀರಿನದು 60 ಇದೆ ಎಂದುಕೊಳ್ಳೋಣ. ಒಂದು ಕೊಡ ಬೋರ್ ನೀರಿಗೆ ಐದು ಕೊಡ ಆರ್‌ಓ ನೀರು ಸೇರಿಸಿದರೆ 900ಕ್ಕೆ 300 ಕೂಡಿ 1200 ಆಗುತ್ತದೆ, ಅದನ್ನು ಆರರಿಂದ ಭಾಗಿಸಿದರೆ ಆರು ಕೊಡ ನೀರಿನ ಟಿಡಿಎಸ್ 200ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿ, ಸಿಕ್ಕ ಪ್ರಮಾಣವನ್ನು ತೊಟ್ಟಿಯ ಹಿಂದೆ ಚೀಟಿಯಲ್ಲಿ ಬರೆದು ಅಂಟಿಸಿ. ಮುಂಗಾರಿನಲ್ಲಿ ಮಾಳಿಗೆಯ ಮಳೆನೀರನ್ನೂ ಆರ್‌ಓ ನೀರಿನ ಬದಲಿಗೆ ಬಳಸಬಹುದು, ಆದರೆ ಮೊದಲ ಎರಡು ಮೂರು ಮಳೆಗಳು ಮಾಳಿಗೆಯ ಧೂಳನ್ನೂ ಹಕ್ಕಿಯ ಹಿಕ್ಕೆಯನ್ನೂ ತೊಳೆದುಕೊಂಡು ಬರುವುದರಿಂದ ಅವುಗಳ ನೀರನ್ನು ಬಿಟ್ಟುಬಿಡಬೇಕು.

ಇಲ್ಲಿ ಪದೇಪದೇ ಕಾಣುವ ತಪ್ಪುಗಳು ಮೂರು. ಬರೀ ಆರ್‌ಓ ನೀರು ತುಂಬಿಸುವುದು ಮೊದಲನೆಯದು: ಅದರಲ್ಲಿ ಪಿಎಚ್ ಅನ್ನು ಹಿಡಿದು ನಿಲ್ಲಿಸುವ ಬೈಕಾರ್ಬನೇಟ್ ಇಲ್ಲದಿರುವುದರಿಂದ ಕೆಲವೇ ವಾರಗಳಲ್ಲಿ ಪಿಎಚ್ ಏಕಾಏಕಿ ಕುಸಿಯುತ್ತದೆ. ಗಡಸು ನೀರಿಗೆ ಪಿಎಚ್ ಇಳಿಸುವ ಹನಿ ಹಾಕುವುದು ಎರಡನೆಯದು: ಇಂದು ಇಳಿದ ಪಿಎಚ್ ಅದೇ ಬೈಕಾರ್ಬನೇಟಿನಿಂದಾಗಿ ನಾಳೆ ಮತ್ತೆ ಏರುತ್ತದೆ, ಮತ್ತು ಈ ಏರಿಳಿತ ಸ್ಥಿರವಾದ ಗಡಸು ನೀರಿಗಿಂತ ಹೆಚ್ಚು ಕೆಟ್ಟದ್ದು. ಮೂರನೆಯದು ಸ್ನಾನಕ್ಕೆಂದು ಮನೆಗೆ ಹಾಕಿಸಿದ ಸಾಫ್ಟ್‌ನರ್ ನೀರನ್ನು ಮೃದು ನೀರೆಂದು ನಂಬುವುದು. ಆ ಯಂತ್ರ ಸುಣ್ಣದಂಶವನ್ನು ತೆಗೆದು ಅದರ ಜಾಗಕ್ಕೆ ಸೋಡಿಯಂ ಕೂರಿಸುತ್ತದೆಯೇ ಹೊರತು ಲವಣವನ್ನು ಕಡಿಮೆ ಮಾಡುವುದಿಲ್ಲ.

ಹಂತ 2: ತೊಟ್ಟಿ ಮತ್ತು ಅದನ್ನಿಡುವ ಜಾಗ

ಈ ಮೀನಿಗೆ ಬೇಕಾದದ್ದು ಎತ್ತರವಲ್ಲ, ಈಜುವ ಉದ್ದ. 90 ಸೆಂಟಿಮೀಟರ್ ಉದ್ದ, 30 ಅಗಲ, 38 ಎತ್ತರದ ತೊಟ್ಟಿಯ ಲೆಕ್ಕದ ಪ್ರಮಾಣ ಸುಮಾರು 102 ಲೀಟರ್ ಆದರೂ, ಮೇಲೆ ಬಿಡುವ ಜಾಗ, ಮರಳು, ಕಲ್ಲು ಕಳೆದು ನಿಜವಾಗಿ ಹಿಡಿಯುವುದು 85 ಲೀಟರ್ ಆಸುಪಾಸು. ಔಷಧಿ ಹಾಕುವಾಗ ಈ ಎರಡನೆಯ ಅಂಕಿಯನ್ನೇ ಹಿಡಿಯಬೇಕು. ನೀರು, ಗಾಜು, ಮರಳು ಸೇರಿ ಭಾರ 130 ಕಿಲೋ ಹತ್ತಿರ ಬರುವುದರಿಂದ ಟಿವಿ ಇಡುವ ಮೇಜಿನ ಮೇಲೆ ಇದನ್ನು ಇಡಬಾರದು.

ಪಡುವಣ ಕಿಟಕಿಯ ಬಿಸಿಲು ಬೀಳುವ ಗೋಡೆಯೂ, ಕಾಂಕ್ರೀಟ್ ಮಾಳಿಗೆಯ ಮೇಲಂತಸ್ತಿನ ಕೋಣೆಯೂ ಬೇಡ. ಮನೆಯ ಎಲ್ಲಕ್ಕಿಂತ ತಂಪಾದ ಒಳಕೋಣೆಯನ್ನು ಆರಿಸಿ. ಮುಚ್ಚಳ ಕಡ್ಡಾಯ, ಏಕೆಂದರೆ ಬೆದರಿದ ಬಾರ್ಬ್ ನೀರಿನಿಂದ ಹೊರಗೆ ಜಿಗಿಯುತ್ತದೆ.

ಹಂತ 3: ಮರಳು, ಕಲ್ಲು, ಗಿಡ

ನಾನು ನನ್ನ ಮೊದಲ ಗುಂಪನ್ನು ಕಳೆದುಕೊಂಡದ್ದು ಈ ಹಂತದಲ್ಲಿ. ಬಾಗಲಕೋಟೆಯ ಸುತ್ತ ಸುಣ್ಣದ ಕಲ್ಲಿನ ನಿಕ್ಷೇಪಗಳಿವೆ, ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದರಿಂದಲೇ. ಆ ಬೂದುಬಣ್ಣದ ಪದರುಗಲ್ಲು ನೋಡಲು ಚೆನ್ನಾಗಿತ್ತೆಂದು ಎಂಟು ತುಂಡುಗಳನ್ನು ತಂದು ತೊಟ್ಟಿಯಲ್ಲಿ ಜೋಡಿಸಿದೆ. ಪ್ರತಿವಾರ ಕಷ್ಟಪಟ್ಟು ಬೆರೆಸಿ ಹಾಕುತ್ತಿದ್ದ ಮೃದು ನೀರು ವಾರ ಕಳೆಯುವುದರೊಳಗೆ ಮತ್ತೆ ಗಡಸಾಗುತ್ತಿತ್ತು, ಅದಕ್ಕೆ ಕಾರಣ ಕಲ್ಲು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಆದ್ದರಿಂದ ಯಾವುದೇ ಕಲ್ಲನ್ನು ತೊಳೆದು ಒಣಗಿಸಿ ಅದರ ಮೇಲೆ ನಿಂಬೆರಸ ಅಥವಾ ವಿನೆಗರ್ ಹನಿಸಿ ನೋಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ಬಳಸಬೇಡಿ. ಗುಳ್ಳೆ ಸಣ್ಣದಾಗಿ, ನಿಧಾನವಾಗಿ ಏಳುವುದೂ ಉಂಟು, ಆದ್ದರಿಂದ ಕಿವಿ ಹತ್ತಿರ ಹಿಡಿದು ಅರ್ಧ ನಿಮಿಷ ಆಲಿಸಿ. ಇಳಕಲ್ಲಿನ ಕೆಂಪು ಗ್ರಾನೈಟಿನ ತುಂಡುಗಳು ಒಳ್ಳೆಯವು. ಬಾದಾಮಿ ಭಾಗದ ಕೆಂಪು ಮರಳುಗಲ್ಲೂ ಸಾಮಾನ್ಯವಾಗಿ ಆಗುತ್ತದೆ, ಆದರೆ ಸ್ಮಾರಕಗಳ ಆವರಣದಿಂದ ಒಂದು ಚೂರನ್ನೂ ಎತ್ತಬಾರದು. ವಿಜಯಪುರದ ಕಡೆಯ ಕಪ್ಪು ಕಲ್ಲು ತನ್ನಷ್ಟಕ್ಕೆ ನಿರಪಾಯಕಾರಿಯಾದರೂ ಅದರ ರಂಧ್ರಗಳಲ್ಲಿ ಬಿಳಿ ಹರಳು ತುಂಬಿರುವುದುಂಟು, ಆ ಬಿಳಿ ಭಾಗದ ಮೇಲೆಯೇ ನಿಂಬೆರಸ ಹನಿಸಿ ಪರೀಕ್ಷಿಸಿ. ಹೊಳೆಯ ಮರಳಿನಲ್ಲಿ ಬಸವನಹುಳುವಿನ ಚಿಪ್ಪು, ಎರೆಮಣ್ಣಿನ ಸುಣ್ಣದ ಹರಳು ಸೇರಿರುವುದರಿಂದ ಅದನ್ನು ಜರಡಿ ಹಿಡಿದು, ಒಂದು ಹಿಡಿ ಮರಳಿಗೂ ಇದೇ ಪರೀಕ್ಷೆ ಮಾಡಿ, ತಿಳಿನೀರು ಬರುವವರೆಗೆ ತೊಳೆಯಬೇಕು.

ಗಿಡಗಳಲ್ಲಿ ವ್ಯಾಲಿಸ್ನೇರಿಯಾ, ಕಲ್ಲಿಗೆ ಕಟ್ಟಿದ ಅನೂಬಿಯಾಸ್ ಮತ್ತು ಜಾವಾ ಫರ್ನ್ ಸಾಕು. ಹಿಂಬದಿ ಮತ್ತು ಪಕ್ಕಗಳಲ್ಲಿ ದಟ್ಟವಾಗಿ ನೆಟ್ಟು ಮುಂಭಾಗವನ್ನು ಈಜಲು ಬಿಡಿ. ತಾನಾಗಿ ಉದುರಿ ಒಣಗಿದ ಕಾಡುಬಾದಾಮಿ ಎಲೆ ಎರಡು ಹಾಕಿದರೆ ನೀರು ತೆಳುವಾದ ಚಹಾದ ಬಣ್ಣಕ್ಕೆ ಬಂದು ಮೀನುಗಳ ಬೆದರಿಕೆ ಕಡಿಮೆಯಾಗುತ್ತದೆ. ಅದು ಗಡಸುತನವನ್ನು ಇಳಿಸುತ್ತದೆ ಎಂಬ ನಂಬಿಕೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ.

ಹಂತ 4: ಮೀನಿಲ್ಲದೆ ಫಿಲ್ಟರನ್ನು ಪಳಗಿಸುವುದು

ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡೂ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಎರಡನೆಯ ವಾರ ಬಾಯಿ ಬಡಿಯುವುದರಿಂದ ಶುರುವಾಗುವ ಸಾವುಗಳು ಸಂಭವಿಸುವುದು ಈ ಅವಧಿಯನ್ನು ಹಾರಿಸಿ ಹೋದದ್ದರಿಂದ.

ನಮ್ಮ ಸೀಮೆಯಲ್ಲಿ ಈ ತಪ್ಪಿಗೆ ಬೆಲೆ ಹೆಚ್ಚು ತೆರಬೇಕಾಗುವುದಕ್ಕೆ ರಾಸಾಯನಿಕ ಕಾರಣವೇ ಇದೆ. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ಒಂದು ಪಾಲು ಮಾತ್ರ ಕಿವಿರಿನೊಳಗೆ ನುಗ್ಗುವ ವಿಷರೂಪದಲ್ಲಿರುತ್ತದೆ. 25 ಡಿಗ್ರಿ ಉಷ್ಣಾಂಶ ಮತ್ತು ಪಿಎಚ್ 7ರಲ್ಲಿ ಆ ಪಾಲು ಶೇಕಡಾ ಅರ್ಧದಷ್ಟು. 30 ಡಿಗ್ರಿ ಮತ್ತು ಪಿಎಚ್ 8.3ರಲ್ಲಿ ಅದು ಶೇಕಡಾ 14ರ ಹತ್ತಿರಕ್ಕೆ ಏರುತ್ತದೆ. ಅಂದರೆ ಮಲೆನಾಡಿನ ಮನೆಯ ತೊಟ್ಟಿಯಲ್ಲಿ ಮೀನು ಸಹಿಸಿಕೊಂಡು ಉಳಿಯಬಲ್ಲ ಅಮೋನಿಯಾ, ಅದೇ ಪ್ರಮಾಣದಲ್ಲಿ ಬೋರ್ ನೀರಿನ ಬೇಸಿಗೆಯ ತೊಟ್ಟಿಯಲ್ಲಿ ಕೊಲ್ಲುತ್ತದೆ.

ಹದ ಮಾಡಿದ ನೀರು ತುಂಬಿ, ಫಿಲ್ಟರ್ ಮತ್ತು ಏರ್ ಪಂಪನ್ನು ಹಗಲೂ ರಾತ್ರಿ ನಡೆಸುತ್ತ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಿ. ಅದು ಕೊಳೆತು ಅಮೋನಿಯಾ ಬರುತ್ತದೆ. ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಿ: ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಕೊನೆಗೆ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಕಾಣುತ್ತದೆ. ಆಹಾರ ಹಾಕುತ್ತಿದ್ದರೂ ಸತತ ಒಂದು ವಾರ ಎರಡೂ ಸೊನ್ನೆಯಲ್ಲಿದ್ದರೆ ತೊಟ್ಟಿ ಸಿದ್ಧವಾಯಿತು. ನಂಬಿಕೆಯ ಗೆಳೆಯರ ಆರೋಗ್ಯವಂತ ತೊಟ್ಟಿಯಿಂದ ಬಳಸಿದ ಸ್ಪಂಜನ್ನು ಒದ್ದೆಯಾಗಿಯೇ ತಂದು ಫಿಲ್ಟರಿನಲ್ಲಿಟ್ಟರೆ ಈ ಕಾಲ ಅರ್ಧಕ್ಕರ್ಧ ಕಡಿಮೆಯಾಗಬಹುದು, ಆದರೂ ಅಳತೆಯನ್ನು ಬಿಡಬಾರದು. ನೀರು ತಿಳಿಯಾಗಿ ಹೊಳೆಯುತ್ತಿದೆ ಎಂಬುದು ಯಾವುದಕ್ಕೂ ಪುರಾವೆಯಲ್ಲ, ಅಮೋನಿಯಾಕ್ಕೆ ಬಣ್ಣವಿಲ್ಲ.

ಹಂತ 5: ಮೀನು ಆರಿಸುವುದು

ತೊಟ್ಟಿಯನ್ನು ಜೂನ್, ಜುಲೈನಲ್ಲಿ ಸಿದ್ಧಪಡಿಸಿ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಮೀನು ತನ್ನಿ. ಮಾರ್ಚ್ ತಿಂಗಳಲ್ಲಿ ತಂದ ಮೀನಿಗೆ ಹೊಸ ನೀರಿಗೆ ಒಗ್ಗುವಾಗಲೇ ಬಿಸಿಲನ್ನೂ ಎದುರಿಸಬೇಕಾಗುತ್ತದೆ.

ಎಂಟರಿಂದ ಹತ್ತು ಮೀನುಗಳ ಗುಂಪು ಬೇಕು. ಎರಡೋ ಮೂರೋ ಇದ್ದರೆ ಒಂದು ಮತ್ತೊಂದನ್ನು ಅಟ್ಟಾಡಿಸುತ್ತದೆ, ಇಲ್ಲವೇ ಎಲ್ಲವೂ ಗಿಡದ ಹಿಂದೆ ಅಡಗಿ ಬಣ್ಣ ಕಳೆದುಕೊಳ್ಳುತ್ತವೆ. ಗಂಡು ತೆಳ್ಳಗಿದ್ದು ಕೆಂಪು ಹೆಚ್ಚು, ಹೆಣ್ಣು ಹೊಟ್ಟೆಯ ಬಳಿ ದುಂಡಗಿದ್ದು ಬಣ್ಣ ಮಂದ. ಒಂದು ಗಂಡಿಗೆ ಎರಡು ಹೆಣ್ಣಿನಂತೆ ಆರಿಸಿ. ಬೆನ್ನು ಕತ್ತಿಯಂತೆ ತೆಳುವಾದ, ಹೊಟ್ಟೆ ಒಳಗೆ ಹೋದ, ರೆಕ್ಕೆ ಮಡಚಿಕೊಂಡ ಒಂದು ಮೀನು ಕಂಡರೂ ಆ ತೊಟ್ಟಿಯ ಯಾವ ಮೀನನ್ನೂ ಕೊಳ್ಳಬೇಡಿ. ನಿಮ್ಮ ಎದುರಿಗೇ ಆಹಾರ ಹಾಕಿಸಿ, ತಿನ್ನುವುದನ್ನು ಕಣ್ಣಾರೆ ನೋಡಿ.

ತೊಟ್ಟಿಯಲ್ಲಿ ಮರಿ ಮಾಡಿಸಿದ ಮೀನೇ, ತೊರೆಯಿಂದ ಹಿಡಿದದ್ದೇ ಎಂದು ಕೇಳಿ, ಮೊದಲನೆಯದನ್ನೇ ಕೊಳ್ಳಿ. ಅವು ನಮ್ಮ ನೀರಿಗೆ ಬೇಗ ಒಗ್ಗುತ್ತವೆ, ಘಟ್ಟದ ತೊರೆಗಳೂ ಬರಿದಾಗುವುದಿಲ್ಲ. ಖಾನಾಪುರ ತಾಲ್ಲೂಕಿಗೆ ಹೋಗಿ ತಾವೇ ಬಲೆ ಹಾಕುವ ಯೋಚನೆ ಬೇಡ. ಅಲ್ಲಿಯ ಭೀಮಗಡ ವನ್ಯಜೀವಿಧಾಮದೊಳಗೆ ಅದು ಅಪರಾಧವೂ ಹೌದು. ಜೊತೆಗಾರರಾಗಿ ಜೀಬ್ರಾ ಡ್ಯಾನಿಯೋದಂತಹ ಚುರುಕು ಮೀನು ಆಗುತ್ತದೆ. ಗಪ್ಪಿ, ಫೈಟರ್, ಏಂಜಲ್ ಬೇಡ, ಅವುಗಳ ಉದ್ದ ರೆಕ್ಕೆಗಳನ್ನು ಬಾರ್ಬ್ ಕಚ್ಚುತ್ತದೆ.

ಹಂತ 6: ಒಗ್ಗಿಸಿ ತೊಟ್ಟಿಗೆ ಬಿಡುವುದು

ಈಗಾಗಲೇ ಬೇರೆ ಮೀನುಗಳಿದ್ದರೆ ಹೊಸ ಮೀನನ್ನು ಮೂರು ವಾರ ಪ್ರತ್ಯೇಕ ತೊಟ್ಟಿಯಲ್ಲಿಡಿ. ಚೀಲವನ್ನು ಮುಚ್ಚಿದಂತೆಯೇ ತೊಟ್ಟಿಯ ನೀರಿನಲ್ಲಿ ಇಪ್ಪತ್ತು ನಿಮಿಷ ತೇಲಿಸಿ ಉಷ್ಣಾಂಶ ಸರಿಹೊಂದಿಸಿ. ಆಮೇಲೆ ಮೀನನ್ನು ಚೀಲದ ನೀರಿನೊಂದಿಗೆ ಬಕೆಟ್ಟಿಗೆ ಹಾಕಿ, ಸಲಾಯಿನ್ ಹನಿಯಂತೆ ಸಣ್ಣ ನಳಿಕೆಯಿಂದ ತೊಟ್ಟಿಯ ನೀರನ್ನು ಬಕೆಟ್ಟಿಗೆ ಬಿಡಿ. ಒಂದು ಗಂಟೆಯಲ್ಲಿ ಬಕೆಟ್ಟಿನ ನೀರು ಮೂರು ಪಟ್ಟು ಆಗಬೇಕು. ಟಿಡಿಎಸ್ ಅಂತರ ದೊಡ್ಡದಿದ್ದರೆ ಎರಡು ಗಂಟೆ ತೆಗೆದುಕೊಳ್ಳಿ. ಕೊನೆಗೆ ಬಲೆಯಿಂದ ಮೀನನ್ನು ಮಾತ್ರ ಎತ್ತಿ ತೊಟ್ಟಿಗೆ ಬಿಟ್ಟು, ಅಂಗಡಿಯ ನೀರನ್ನು ಹೊರಗೆ ಚೆಲ್ಲಿ. ಆ ದಿನ ದೀಪವೂ ಬೇಡ, ಆಹಾರವೂ ಬೇಡ. ಮೊದಲ ದಿನ ಪಟ್ಟೆಗಳು ಮಸುಕಾಗಿ ಕಾಣುವುದು ಸಹಜ.

ಹಂತ 7: ಆಹಾರ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಕೊಡಿ. ಸಣ್ಣ ಕಾಳಿನ ಒಣ ಆಹಾರ, ವಾರಕ್ಕೆರಡು ಸಲ ಫ್ರೋಜನ್ ಬ್ಲಡ್‌ವರ್ಮ್ ಅಥವಾ ಆರ್ಟೀಮಿಯಾ, ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ತೆಗೆದು ಹಿಚುಕಿದ ಬಟಾಣಿ ಅಥವಾ ಪಾಲಕ್, ಮತ್ತು ವಾರದಲ್ಲಿ ಒಂದು ದಿನ ಉಪವಾಸ. ಚುರುಮುರಿ, ಅನ್ನ, ಬ್ರೆಡ್ ಬೇಡವೇ ಬೇಡ. ಅವು ಕೊಳೆತು ಹಂತ 4ರ ಶ್ರಮವನ್ನೆಲ್ಲ ಎರಡು ದಿನದಲ್ಲಿ ಹಾಳುಮಾಡುತ್ತವೆ. ಚರಂಡಿಯ ಕೆಂಪು ಹುಳುಗಳು ರೋಗವನ್ನು ಜೊತೆಯಲ್ಲೇ ತರುತ್ತವೆ.

ಹಂತ 8: ವಾರದ ಕೆಲಸ

ವಾರಕ್ಕೊಮ್ಮೆ ಶೇಕಡಾ 20ರಷ್ಟು, ಅಂದರೆ ಸುಮಾರು 17 ಲೀಟರ್ ನೀರನ್ನು ತಳದ ಕಸದೊಂದಿಗೆ ಹೊರತೆಗೆದು, ಅದೇ ಉಷ್ಣಾಂಶದ ಬೆರೆಸಿದ ನೀರನ್ನು ನಿಧಾನವಾಗಿ ಸೇರಿಸಿ. ನಳದ ನೀರಾದರೆ ಒಂದು ದಿನ ಏರ್ ಪಂಪ್ ಹಾಕಿ ಬಿಡಿ, ಇಲ್ಲವೇ ಕ್ಲೋರಿನ್ ತೆಗೆಯುವ ಹನಿಯನ್ನು ಬಾಟಲಿಯ ಸೂಚನೆಯಂತೆ ಹಾಕಿ. ಸ್ಪಂಜನ್ನು ತಿಂಗಳಿಗೊಮ್ಮೆ, ಹೊರತೆಗೆದ ತೊಟ್ಟಿಯ ನೀರಿನಲ್ಲೇ ಮೆಲ್ಲಗೆ ಹಿಂಡಿ. ನಳದ ಕೆಳಗೆ ತೊಳೆದರೆ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನು ಕೊಂದು ತೊಟ್ಟಿ ಮತ್ತೆ ಮೊದಲ ದಿನಕ್ಕೆ ಹೋಗುತ್ತದೆ. ಹಬ್ಬಕ್ಕೆಂದು ಇಡೀ ತೊಟ್ಟಿ ಖಾಲಿ ಮಾಡಿ, ಕಲ್ಲು ಮರಳು ಎಲ್ಲವನ್ನೂ ತಿಕ್ಕಿ ತೊಳೆಯುವ ರೂಢಿಯೂ ಇದೇ ಕಾರಣಕ್ಕೆ ಮೀನನ್ನು ಕೊಲ್ಲುತ್ತದೆ.

ಹಂತ 9: ಬೇಸಿಗೆಯನ್ನು ದಾಟಿಸುವುದು

ಮೆಲನ್ ಬಾರ್ಬ್‌ಗೆ ಹಿತವಾದದ್ದು 20ರಿಂದ 26 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 40 ದಾಟಿದಾಗ ಒಳಗಿನ ತೊಟ್ಟಿ 32, 33ಕ್ಕೆ ಏರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ನಿಲ್ಲುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಏಳೂವರೆಯಷ್ಟನ್ನೇ ಹಿಡಿಯುತ್ತದೆ. ಮೀನಿಗೆ ಉಸಿರಿನ ಅಗತ್ಯ ಹೆಚ್ಚುವುದೂ ಆಗಲೇ.

ಗಾಜಿನ ಮುಚ್ಚಳ ತೆಗೆದು ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಡಿ. ನಮ್ಮ ಒಣ ಗಾಳಿ ಇಲ್ಲಿ ಉಪಕಾರಿ, ನೀರು ಆವಿಯಾಗುತ್ತ ಎರಡರಿಂದ ನಾಲ್ಕು ಡಿಗ್ರಿ ತಣ್ಣಗಾಗುತ್ತದೆ. ಹಾಗೆ ಇಂಗಿದ ನೀರಿನ ಜಾಗಕ್ಕೆ ಬರೀ ಆರ್‌ಓ ನೀರನ್ನೇ ತುಂಬಿ, ಏಕೆಂದರೆ ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಬರ್ಫದ ಗಡ್ಡೆಯನ್ನು ನೇರವಾಗಿ ಹಾಕಬೇಡಿ, ಆ ಏಟಿಗೆ ಮೀನು ನಲುಗುತ್ತದೆ. ಆಹಾರ ಅರ್ಧ ಮಾಡಿ. ಬ್ಯಾಟರಿ ಪಂಪನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟಿರಿ. ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋದರೂ ತುಂಬಿದ ತೊಟ್ಟಿಗೆ ಅದು ದೊಡ್ಡ ಗಂಡಾಂತರ. ಚಳಿಗಾಲದಲ್ಲಿ ಈ ಮೀನಿಗೆ ಸಾಮಾನ್ಯವಾಗಿ ಹೀಟರ್ ಬೇಕಿಲ್ಲ, ತಣ್ಣನೆಯ ನೀರನ್ನು ಒಮ್ಮೆಲೇ ಸುರಿಯದಿದ್ದರೆ ಸಾಕು.

ಅಪಾಯದ ಸೂಚನೆಗಳು ಮತ್ತು ಆಗ ಮಾಡಬೇಕಾದದ್ದು

ಎಲ್ಲ ಮೀನೂ ಒಟ್ಟಿಗೆ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಆಮ್ಲಜನಕದ ಕೊರತೆ, ಇಲ್ಲವೇ ಅಮೋನಿಯಾ ಅಥವಾ ನೈಟ್ರೈಟ್. ಮೊದಲು ಹೆಚ್ಚುವರಿ ಏರ್ ಪಂಪ್ ಹಾಕಿ, ಕೂಡಲೇ ನೀರು ಅಳೆಯಿರಿ. ಅಮೋನಿಯಾ ಅಥವಾ ನೈಟ್ರೈಟ್ ಸೊನ್ನೆಗಿಂತ ಹೆಚ್ಚಿದ್ದರೆ ಶೇಕಡಾ 30 ನೀರು ಬದಲಿಸಿ, ಆಹಾರ ನಿಲ್ಲಿಸಿ, ಮರುದಿನ ಮತ್ತೆ ಅಳೆಯಿರಿ. ನೈಟ್ರೈಟ್ ಇದ್ದರೆ ಹತ್ತು ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪನ್ನು ಕರಗಿಸಿ ಹಾಕುವುದರಿಂದ, ಉಪ್ಪಿನ ಕ್ಲೋರೈಡ್ ಅಂಶ ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ.

ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದು, ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಬಿಳಿ ಚುಕ್ಕೆ ರೋಗ. ಮೈಮೇಲಿನ ಚುಕ್ಕೆಯೊಳಗೆ ಇರುವಾಗ ಆ ಪರಾವಲಂಬಿಗೆ ಔಷಧಿ ತಾಗುವುದಿಲ್ಲ, ನೀರಿಗಿಳಿದು ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಮೂರನೆಯ ದಿನ ಔಷಧಿ ನಿಲ್ಲಿಸಬಾರದು, ಪೂರ್ತಿ ಹತ್ತರಿಂದ ಹದಿನಾಲ್ಕು ದಿನ ನಡೆಸಬೇಕು. ಚುಕ್ಕೆಯಿಲ್ಲದೆ ಬರೀ ಉಜ್ಜುತ್ತಿದ್ದರೆ, ಅದೂ ನೀರು ಬದಲಿಸಿದ ಮರುಗಳಿಗೆಯಲ್ಲಿ, ಕ್ಲೋರಿನ್ ಉಳಿದಿದೆ ಎಂದು ತಿಳಿಯಿರಿ. ಯಾವ ಸೂಚನೆ ಕಂಡರೂ ಅಳೆಯುವ ಮೊದಲು ಔಷಧಿ ಸುರಿಯಬೇಡಿ.

ತೊಟ್ಟಿ ಮುಚ್ಚಲೇಬೇಕಾಗಿ ಬಂದರೆ ಮೀನನ್ನು ಸಾಕುವ ಬೇರೊಬ್ಬರಿಗೆ ಕೊಡಿ, ಕೃಷ್ಣೆಗೋ ಮಲಪ್ರಭೆಗೋ ಊರ ಕೆರೆಗೋ ಬಿಡಬೇಡಿ. ತೊಟ್ಟಿಯ ರೋಗಗಳು ಹೊಳೆಯ ಮೀನುಗಳಿಗೆ ದಾಟುತ್ತವೆ.

ಬನಶಂಕರಿ ಜಾತ್ರೆಗೋ ಊರಿನ ಮದುವೆಗೋ ನಾಲ್ಕೈದು ದಿನ ಮನೆ ಬಿಡುವುದಿದ್ದರೆ, ಬೆಳೆದ ಮೀನು ಅಷ್ಟು ದಿನ ಆಹಾರವಿಲ್ಲದೆ ಇರಬಲ್ಲದು. ಅದಕ್ಕೂ ಹೆಚ್ಚು ದಿನವಾಗುವುದಾದರೆ ಒಂದೊಂದು ಹೊತ್ತಿನ ಚಿಟಿಕೆಯನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆದು ಪಕ್ಕದ ಮನೆಯವರಿಗೆ ಕೊಡಿ. ಆಹಾರದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಯೇ ಹೊರಡಿ.